ಲೋಟ ತೊಳೆದು ಕುಡಿದವರು

ದ್ರಾಕ್ಷಾರಸದ ರುಚಿ ನೋಡುವುದಕ್ಕೆಂದೇ ಈಗ ಪಟ್ಟಣಗಳಲ್ಲಿ ಕೋಣೆ ಮಾಡಿಟ್ಟಿರುತ್ತಾರೆ, ಹೋಗಿ ಬಂದೆವು ಅಂತ ಯಾರಾದರೂ ನನ್ನೆದುರು ಜಂಬ ಕೊಚ್ಚಿಕೊಂಡರೆ ನನಗೆ ನಗು ತಡೆಯಲಾಗುವುದಿಲ್ಲ. ಅಯ್ಯಾ, ಅಂಥದ್ದೊಂದು ಕೋಣೆಯನ್ನು ನಾವು ದಾವಣಗೆರೆಯ ವಿನೋಬನಗರದಲ್ಲಿ ಎಂಬತ್ತರ ದಶಕ ಶುರುವಾಗುವ ಹೊತ್ತಿಗೇ ನಡೆಸಿದ್ದೆವು! ನಡೆಸಿದವರು ಪಂಡಿತರು, ಉಸ್ತುವಾರಿ ನನ್ನದು. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ 'ರುಚಿ ಕೋಣೆ' ಅಂತ ಬರೆಸಿದ್ದೆವು. ಒಂದೇ ವ್ಯತ್ಯಾಸವೆಂದರೆ ನಮ್ಮಲ್ಲಿ ಸಿಗುತ್ತಿದ್ದುದು ಔಷಧಿ. ಇದನ್ನು ಮಾತ್ರ ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾಕೆಂದರೆ ಈ ಒಂದು ಮಾತಿನ ಮೇಲೆ ನನ್ನ ಮದುವೆ ನಿಂತಿತ್ತು.

ಪಂಡಿತರೆಂದರೆ ನನಗೆ ಕೆಲಸ ಕೊಟ್ಟವರು. ಆಯುರ್ವೇದ ಓದಿದವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಸವ, ಅರಿಷ್ಟ ಅನ್ನುವ ಕುಡಿಯುವ ಔಷಧಿಗಳನ್ನು ತಯಾರಿಸಿ ಸುತ್ತಲಿನ ಊರುಗಳ ಅಂಗಡಿಗಳಿಗೆ ಕಳಿಸುತ್ತಿದ್ದರು. ಅದರಲ್ಲಿ ಹೆಸರುವಾಸಿಯಾದದ್ದು ದ್ರಾಕ್ಷಾಸವ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಕಲಸಿ, ಧಾತಕಿ ಹೂವು ಹಾಕಿ, ಗುಡಾಣಕ್ಕೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಮಣ್ಣು ಮೆತ್ತಿ ಮೂಲೆಯಲ್ಲಿಟ್ಟುಬಿಟ್ಟರೆ ಮಿಕ್ಕ ಕೆಲಸ ಗುಡಾಣದ್ದೇ. ಒಳಗೆ ಅದು ಗುಳುಗುಳು ಅನ್ನುವುದಕ್ಕೆ ಪಂಡಿತರು 'ಪಕ್ವವಾಗುವುದು' ಅನ್ನುತ್ತಿದ್ದರು. ಬೇರೆ ಯಾವ ಪದ ಬಳಸಿದರೂ ಅವರಿಗೆ ಸಿಟ್ಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಮ್ಮೆ "ಹುಳಿ ಬಂದೈತ್ರಿ" ಅಂದುಬಿಟ್ಟಿದ್ದೆ. ಆ ದಿನವೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದರು.

ಈ ರುಚಿ ಕೋಣೆಯ ಹುಚ್ಚು ಅವರಿಗೆ ಹತ್ತಿದ್ದು ಕ್ಷೌರದಂಗಡಿಯಲ್ಲಿ. ಅಲ್ಲಿದ್ದ ಯಾವುದೋ ಹಳೇ ವಾರಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದರಂತೆ. ಫಾರಿನ್ ಜನ ಸೂಟು ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ, ದ್ರಾಕ್ಷಾರಸದ ಗಾಜಿನ ಲೋಟವನ್ನು ಮೂಗಿಗೆ ಹಿಡಿಯುತ್ತಾರೆ, ಒಂದು ಗುಟುಕು ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳುತ್ತಾರೆ. ಪಂಡಿತರು ಅರ್ಧ ಗಡ್ಡ ಹೆರೆಸಿಕೊಂಡು, ಇನ್ನರ್ಧಕ್ಕೆ ಸೋಪಿನ ನೊರೆ ಇರುವಾಗಲೇ ಎದ್ದು ಶೆಡ್ಡಿಗೆ ಓಡಿ ಬಂದರು.

"ಉಗುಳ್ತಾರಂತೆ ಕಣೋ! ಉಗುಳಿದ ಮ್ಯಾಲೂ ಬಾಟ್ಲಿ ಕೊಂಡ್ಕೊಂಡು ಹೋಗ್ತಾರಂತೆ! ನಮ್ಮ ಮಾಲಿಗೇನು ಬಂದೈತೆ ರೋಗ? ಜನ ಬರ್ಲಿ, ರುಚಿ ನೋಡ್ಲಿ, ಉಗುಳ್ಲಿ, ಒಯ್ಲಿ!"

ಹೀಗೆ ಶೆಡ್ಡಿನ ಮುಂಭಾಗಕ್ಕೆ ತಡಿಕೆ ಕಟ್ಟಿ ಕೋಣೆ ಮಾಡಿದೆವು. ಒಂದು ಬೆಂಚು, ಒಂದು ಮೇಜು, ಸ್ಟೀಲಿನ ಪುಟ್ಟ ಲೋಟಗಳು. ಉಗುಳುವುದಕ್ಕೆ ಬಕೆಟ್ಟು ಇಟ್ಟರೆ ಬಚ್ಚಲುಮನೆಯ ಹಾಗೆ ಕಾಣುತ್ತದೆ ಅಂತ ಪಂಡಿತರಿಗೆ ಚಿಂತೆ ಹತ್ತಿತು. ನಮಗೆ ಒಣದ್ರಾಕ್ಷಿ ತಂದುಕೊಡುತ್ತಿದ್ದ ಸಾಹೇಬರು ತಮ್ಮ ಅಜ್ಜನ ಕಾಲದ ಹಿತ್ತಾಳೆ ಪೀಕದಾನಿಯೊಂದನ್ನು ಕೊಟ್ಟರು. ಹುಣಸೆಹಣ್ಣು ಹಾಕಿ ತಿಕ್ಕಿಸಿದ ಮೇಲೆ ಅದು ಎಷ್ಟು ಫಳಫಳ ಅನ್ನುತ್ತಿತ್ತೆಂದರೆ ಬಂದವರೆಲ್ಲ ಮೊದಲು ಅದಕ್ಕೇ ನಮಸ್ಕಾರ ಮಾಡುತ್ತಿದ್ದರು.

ಆದರೆ ಶಿವನಾಣೆ ಹೇಳುತ್ತೇನೆ, ಆ ಪೀಕದಾನಿಗೆ ಒಬ್ಬನೇ ಒಬ್ಬ ಉಗುಳಲಿಲ್ಲ. ಔಷಧಿ ಉಗುಳಿದರೆ ರೋಗ ಹೋಗುತ್ತದೆಯೇ ಅನ್ನುವವರು ಕೆಲವರು. ನಮ್ಮ ಲಿಂಗಾಯತರ ಕಥೆಯಂತೂ ಕೇಳಲೇಬೇಡಿ. ನಮ್ಮ ಹಿರಿಯರ ಪದ್ಧತಿ ನಿಮಗೆ ಗೊತ್ತಿರಬಹುದು. ಬಾಯಿಗೆ ಹಾಕುವ ಮುಂಚೆ ಲಿಂಗಕ್ಕೆ ಅರ್ಪಿಸಬೇಕು, ಅರ್ಪಿಸಿದ ಮೇಲೆ ಅದು ಪ್ರಸಾದ, ಪ್ರಸಾದವನ್ನು ಒಂದು ಅಗುಳೂ ಬಿಡುವಂತಿಲ್ಲ. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನೂ ಕುಡಿಯಬೇಕು. ಈಗ ಇಂಥವರ ಕೈಗೆ ಆಸವದ ಲೋಟ ಕೊಟ್ಟು "ರುಚಿ ನೋಡಿ ಉಗುಳ್ರಿ" ಅಂದರೆ ನಮ್ಮನ್ನೇ ಉಗಿಯುತ್ತಿದ್ದರು. ಕಣ್ಣುಮುಚ್ಚಿ ಅರ್ಪಿಸಿ, ಪೂರ್ತಿ ಕುಡಿದು, ಲೋಟ ತೊಳೆದು ಅದನ್ನೂ ಕುಡಿದು, "ಇನ್ನೊಂದ್ಸಲ ನೋಡಿದ್ರೆ ರುಚಿ ಸರಿಯಾಗಿ ತಿಳಿತದೇನೋ" ಅನ್ನುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ದಿನಕ್ಕೊಂದು ಕಾಯಿಲೆ ಹೇಳಿಕೊಂಡು ಬಂದು ಹೋಗಿ, ಕೊನೆಗೆ ಕಾಯಿಲೆಗಳೆಲ್ಲ ಮುಗಿದು, ತಮ್ಮ ಎಮ್ಮೆಗೆ ಮೈ ಸರಿಯಿಲ್ಲ ಅಂತ ಬಂದು ಕೂತರು. ಎಮ್ಮೆಯ ಪರವಾಗಿಯೂ ಅವರೇ ಕುಡಿದರು.

ಒಣದ್ರಾಕ್ಷಿ ಸಾಹೇಬರು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಅಲ್ಲೇ ಸ್ಟೂಲು ಹಾಕಿಸಿಕೊಂಡು ಕೂತು ಒಳಗಿನ ತಮಾಷೆ ನೋಡುತ್ತಿದ್ದರು. "ನಾನು ಒಣದ್ರಾಕ್ಷಿ ತನಕ ಜವಾಬ್ದಾರ. ಗುಡಾಣದ ಬಾಯಿ ಮುಚ್ಚಿದ ಮ್ಯಾಲೆ ಅದು ನಿಮ್ಮ ಸಂಸಾರ. ತೌಬಾ ತೌಬಾ, ನನ್ನ ಎಳೀಬ್ಯಾಡ್ರಿ" ಅಂತ ಕಿವಿ ಹಿಡಿದುಕೊಂಡು ನಗುತ್ತಿದ್ದರು. ನಮ್ಮೆಲ್ಲರಲ್ಲಿ ತಲೆ ನೆಟ್ಟಗಿದ್ದವರು ಅವರೊಬ್ಬರೇ ಅಂತ ನನಗೆ ಆಗಲೂ ಅನ್ನಿಸುತ್ತಿತ್ತು.

ಹೀಗಿರುವಾಗ ನನ್ನ ಸೋದರಮಾವ ಹರಿಹರದಲ್ಲಿ ಒಂದು ಹೆಣ್ಣು ಗೊತ್ತುಮಾಡಿದ. ಹುಡುಗಿಯ ತಂದೆಗೆ ಪೇಟೆಯಲ್ಲಿ ಪಾತ್ರೆ ಅಂಗಡಿ, ನಂದಿಗುಡಿ ಕಡೆ ಗದ್ದೆ. ಎಲ್ಲರೂ ಸಾಹುಕಾರರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಹಣೆತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಗುಟುಕು ನೀರನ್ನೂ ಅರ್ಪಿಸದೆ ಕುಡಿಯದ ಮನುಷ್ಯ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವರೆದುರು ಅವಲಕ್ಕಿ ತಿನ್ನುತ್ತಾ ಕೂತಾಗ ನಮ್ಮ ಮಾವನಿಗೆ ಬಾಯಿ ಸುಮ್ಮನಿರಬೇಕಲ್ಲ! "ಹುಡುಗ ಆಸವದ ಕಾರ್ಖಾನೇಲಿ ಮ್ಯಾನೇಜರ್ರಿ, ರುಚಿ ಕೋಣೆ ಎಲ್ಲಾ ಇವನ ಕೈಯಾಗೇ" ಅಂದುಬಿಟ್ಟ.

ಸಾಹುಕಾರರು ಅವಲಕ್ಕಿ ತಟ್ಟೆ ಕೆಳಗಿಟ್ಟರು. "ಆಸವ ಅಂದ್ರೆ ಹೆಂಡದ ತಮ್ಮ ಅಲ್ವೇನ್ರಿ?"

"ಛೆ ಛೆ! ಔಷಧಿ ರೀ!"

"ಔಷಧಿ ಅಂತ ಎಲ್ಲಾರೂ ಹೇಳ್ತಾರೆ. ಹೆಂಡ ಮುಟ್ಟೋ ಕೈಗೆ ನನ್ನ ಮಗಳ ಕೈ ಕೊಡಾಂಗಿಲ್ಲ. ನಾನೇ ಬಂದು ನೋಡ್ತೀನಿ. ಔಷಧಿ ಆಗಿದ್ರೆ ಮದುವೆ, ಹೆಂಡ ಆಗಿದ್ರೆ ಇಲ್ಲ. ಅಲ್ಲೀತನಕ ಹೂಂ ಅನ್ನಲ್ಲ, ಉಹುಂ ಅನ್ನಲ್ಲ."

ಅಷ್ಟರಲ್ಲಿ ತಟ್ಟೆ ಎತ್ತಲು ಬಂದ ಹುಡುಗಿ ತಲೆ ತಗ್ಗಿಸಿಕೊಂಡೇ ನನ್ನನ್ನು ಕೇಳಿದಳು, "ಅದು ಸಿಹಿ ಇರ್ತದೇನ್ರಿ?"

ಅವಳ ತಂದೆ ತಟ್ಟನೆ ಅವಳ ಕಡೆ ನೋಡಿದರು. ಅಲ್ಲಿಯವರೆಗೆ ಹೆಣ್ಣಿನ ಕಡೆಯವರೆಲ್ಲ ನನ್ನ ಸಂಬಳ ಕೇಳಿದ್ದರು, ಸ್ವಂತ ಮನೆ ಇದೆಯೇ ಅಂತ ಕೇಳಿದ್ದರು, ಒಬ್ಬರು ಹಲ್ಲು ಕೂಡ ನೋಡಿದ್ದರು. ನನ್ನ ಕೈಯ ಕೆಲಸದ ರುಚಿ ಹೇಗಿರುತ್ತದೆಂದು ಯಾರೂ ಕೇಳಿರಲಿಲ್ಲ. ಮದುವೆಯಾದರೆ ಇವಳನ್ನೇ ಅಂತ ಅಲ್ಲೇ ತೀರ್ಮಾನವಾಗಿಹೋಯಿತು. ಆದರೆ ಬಾಯಿಂದ ಬಂದದ್ದು ಏನು ಗೊತ್ತೇ? "ಊಟವಾದ ಮೇಲೆ ಸಮಪ್ರಮಾಣ ನೀರಿನೊಂದಿಗೆ ತೆಗೆದುಕೊಳ್ಳತಕ್ಕದ್ದು." ಬಾಟಲಿಯ ಚೀಟಿಯ ಮೇಲೆ ಇದ್ದದ್ದನ್ನೇ ಒದರಿಬಿಟ್ಟಿದ್ದೆ. ಅವಳು ಉತ್ತರಕ್ಕಾಗಿ ಇನ್ನೊಂದು ಕ್ಷಣ ಕಾದು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸಾಹುಕಾರರು ಕೊಡೆ ಹಿಡಿದು ವಿನೋಬನಗರಕ್ಕೆ ಬಂದೇ ಬಂದರು. ಪಂಡಿತರು ಬೆಂಚನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ನನಗಂತೂ ಹಿಂದಿನ ದಿನದಿಂದ ಅನ್ನ ಸೇರಿರಲಿಲ್ಲ. ಸಾಹೇಬರು ಎಂದಿನಂತೆ ಹೊಸ್ತಿಲಾಚೆ ಸ್ಟೂಲಿನ ಮೇಲೆ ಕೂತಿದ್ದರು.

ಸಾಹುಕಾರರು ಮೊದಲು ಲೋಟ ಎತ್ತಿ ಬೆರಳಿನ ಗೆಣ್ಣಿನಿಂದ ಟಣ್ ಅನ್ನಿಸಿ ಕಿವಿಗೆ ಹಿಡಿದರು. "ನಮ್ಮ ಅಂಗಡೀದಲ್ಲ. ಹಗುರ ಮಾಲು" ಅಂದರು. ಆಮೇಲೆ ದ್ರಾಕ್ಷಾಸವ ಮೂಸಿದರು. "ವಾಸನೆ ಐತೆ."

"ಬೆಲ್ಲದ್ದು ರೀ" ಅಂದರು ಪಂಡಿತರು.

"ಬೆಲ್ಲ ನಾವೂ ತಿಂತೀವಿ. ಸಾಹೇಬ್ರೇ, ನೀವು ಹೊರಗಿನೋರು, ನೀವು ಹೇಳ್ರಿ. ಇದು ಏನು?"

"ಅರೇ, ನಾನು ಒಣದ್ರಾಕ್ಷಿ ತನಕ ಅಷ್ಟೇ ಸಾವ್ಕಾರ್ರೇ. ಬಾಯಿಗೆ ಹಾಕ್ಕೊಳ್ದೆ ಫೈಸಲಾ ಹೆಂಗೆ ಮಾಡ್ತೀರಿ? ನನಗಂತೂ ಹಾಕ್ಕೊಳಾಕೆ ಆಗಲ್ಲ."

ಸಾಹುಕಾರರು ತಾವೇ ಒಂದು ಪರೀಕ್ಷೆ ಕಂಡುಹಿಡಿದರು. "ಲಿಂಗಕ್ಕೆ ಅರ್ಪಿಸ್ತೀನಿ. ಇದು ಹೆಂಡ ಆಗಿದ್ರೆ ಅರ್ಪಿಸೋ ಹೊತ್ತಿಗೆ ನನ್ನ ಕೈ ತಾನಾಗೇ ನಡುಗ್ತದೆ. ಔಷಧಿ ಆಗಿದ್ರೆ ನಡುಗಲ್ಲ." ಎಡಗೈಯನ್ನು ಕರಡಿಗೆಯ ಮೇಲಿಟ್ಟು ಬಲಗೈಯಲ್ಲಿ ಲೋಟ ಹಿಡಿದು ಕಣ್ಣುಮುಚ್ಚಿದರು. ನಾವು ಮೂವರೂ ಆ ಕೈಯನ್ನೇ ದಿಟ್ಟಿಸಿದೆವು. ಕೈ ನಡುಗಲಿಲ್ಲ. ಕುಡಿದರು, ಲೋಟ ತೊಳೆದರು, ಅದನ್ನೂ ಕುಡಿದರು.

ಅಲ್ಲಿಗೇ ಎದ್ದಿದ್ದರೆ ಚೆನ್ನಾಗಿತ್ತು. ಆದರೆ ಸಾಹುಕಾರರು ನ್ಯಾಯವಂತರು. "ಒಂದನ್ನೇ ನೋಡಿ ಒಪ್ಪಿದ್ರೆ ನಾಳೆ ಜನ ಏನಂದಾರು? ಎಲ್ಲಾ ತಗೀರಿ" ಅಂದರು. ಕುಮಾರ್ಯಾಸವ ಬಂತು, ಅರ್ಪಿತವಾಯಿತು. ಲೋಹಾಸವ ಬಂತು, ಅದೂ ಅರ್ಪಿತವಾಯಿತು. ನಾನು ಲೋಟಕ್ಕೆ ಕಡಿಮೆ ಹಾಕಲು ನೋಡಿದರೆ "ಬಂದೋರಿಗೆಲ್ಲಾ ಎಷ್ಟು ಹಾಕ್ತಿಯೋ ಅಷ್ಟು ಹಾಕಪ್ಪಾ, ನನಗೊಂದು ನ್ಯಾಯ ಬ್ಯಾಡ" ಅಂತ ಗದರಿದರು. ಅಶೋಕಾರಿಷ್ಟದ ಬಾಟಲಿಗೆ ಕೈ ಹಾಕಿದಾಗ ಪಂಡಿತರು ಅಳುವ ದನಿಯಲ್ಲಿ "ಇದು ಹೆಂಗಸರ ಮುಟ್ಟಿನ ತೊಂದರೆಗೆ ರೀ" ಅಂದರು.

"ಪರೀಕ್ಷೆ ಅಂದ ಮ್ಯಾಲೆ ಗಂಡೇನು ಹೆಣ್ಣೇನು? ಹಾಕ್ರಿ."

ಹೆಂಗಸರ ಔಷಧಿಯನ್ನೂ ಕುಡಿದು, ಬಾಣಂತಿಯರ ದಶಮೂಲಾರಿಷ್ಟವನ್ನೂ ಕುಡಿದು, ಒಂದೊಂದು ಸಲವೂ ಲೋಟ ತೊಳೆದು ಕುಡಿದು ಮುಗಿಸುವ ಹೊತ್ತಿಗೆ ಸಾಹುಕಾರರ ವಿಭೂತಿ ಬೆವರಿನಲ್ಲಿ ಇಳಿದು ಹುಬ್ಬಿಗೆ ಬಂದಿತ್ತು. ಲೋಟ ಹಿಡಿದ ಕೈ ಈಗ ಚೆನ್ನಾಗಿಯೇ ನಡುಗುತ್ತಿತ್ತು. ಅದನ್ನು ಅವರೂ ನೋಡಿದರು.

"ಇದು ವಯಸ್ಸಿಂದು" ಅಂದರು ಸಾಹುಕಾರರು.

"ಹೌದ್ರಿ, ವಯಸ್ಸಿಂದೇ" ಅಂದೆವು ನಾವೆಲ್ಲ. ಸಾಹೇಬರು ಸ್ಟೂಲಿನ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಹೆಗಲು ಕುಲುಕಿಸುತ್ತಿದ್ದರು.

ಸಾಹುಕಾರರು ಎದ್ದು ಕಂಬ ಹಿಡಿದುಕೊಂಡು ತೀರ್ಪು ಕೊಟ್ಟರು. "ಕೇಳ್ರಿ. ಹೆಂಡ ಆಗಿದ್ರೆ ನಂಗೆ ನಶೆ ಏರ್ಬೇಕಿತ್ತು. ನಂಗೆ ನಶೆ ಏರೈತೇನು?"

"ಇಲ್ರಿ! ಎಲ್ಲಿ ನಶೆ!"

"ಅಂದ ಮ್ಯಾಲೆ ಇದು ಔಷಧಿ. ಮದುವೆ ಆಗ್ಲಿ." ಹೀಗಂದು ಪೀಕದಾನಿಗೆ ಕೈಮುಗಿದರು.

ನನಗೆ ಕುಣಿಯಬೇಕು ಅನ್ನಿಸಿತು, ಜೊತೆಗೇ ಒಂದು ಅನುಮಾನ. ಕಂಬ ಹಿಡಿದು ಹೇಳಿದ ಮಾತು ಕಂಬ ಬಿಟ್ಟ ಮೇಲೂ ಉಳಿಯುತ್ತದೆಯೇ? ಅಷ್ಟರಲ್ಲಿ ಅವರ ಕಣ್ಣು ಮೂಲೆಯ ಸಣ್ಣ ಗುಡಾಣದ ಮೇಲೆ ಬಿತ್ತು. ಅದು ಪಂಡಿತರು ಯಾರಿಗೂ ಮುಟ್ಟಗೊಡದ ಹಳೆಯ ದ್ರಾಕ್ಷಾಸವ, ಕೆಮ್ಮಿ ಕೆಮ್ಮಿ ಸೋತವರಿಗೆಂದು ತೆಗೆದಿಟ್ಟಿದ್ದು. ಅದು ಯಾವುದಕ್ಕೆ ಅಂತ ಕೇಳಿ ತಿಳಿದುಕೊಂಡು, ಅದನ್ನೂ ಹಾಕಿಸಿಕೊಂಡರು. ಕುಡಿದವರು ಹಾಗೇ ನಿಂತುಬಿಟ್ಟರು. ಲೋಟ ತೊಳೆಯುವುದನ್ನೂ ಮರೆತರು. ತಮಗೆ ತಾವೇ ಅಂದುಕೊಳ್ಳುವ ಹಾಗೆ "ಇಷ್ಟು ಸಿಹಿ ಐತಾ?" ಅಂದರು. ಆಮೇಲೆ ನೆನಪಾಗಿ ಲೋಟ ತೊಳೆದು ಕುಡಿದರು.

ಅವರನ್ನು ಒಬ್ಬರನ್ನೇ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಪಂಡಿತರು ಆ ಹಳೆಯ ಆಸವದ ಒಂದು ಬಾಟಲಿಯನ್ನು ನನ್ನ ಚೀಲದಲ್ಲಿ ಹಾಕಿ, "ಮನೆ ಮುಟ್ಟಿಸಿ ಬಾರೋ, ದಾರೀಲಿ ಏನಾದ್ರೂ ಆದ್ರೆ ನಿನ್ನ ಮದುವೆ ಅಲ್ಲ, ನನ್ನ ತಿಥಿ" ಅಂದರು. ಸಾಹೇಬರು ತಾವೇ ಆಟೋ ಕರೆದು, ಸಾಹುಕಾರರ ಕೊಡೆ, ಚಪ್ಪಲಿ ಎಲ್ಲ ಜೋಪಾನ ಮಾಡಿ ನಮ್ಮನ್ನು ಬಸ್ಸಿಗೆ ಹತ್ತಿಸಿದರು.

ಹರಿಹರದ ಬಸ್ಸು ತುಂಬಿ ತುಳುಕುತ್ತಿತ್ತು. ಯಾರೋ ಇಬ್ಬರು ಪುಣ್ಯಾತ್ಮರು ಎದ್ದು ನಮಗೆ ಜಾಗ ಕೊಟ್ಟರು. ಪಕ್ಕದವನು ಮೂಗು ಅರಳಿಸಿದ್ದೇ ತಡ, ಸಾಹುಕಾರರು ಇಡೀ ಬಸ್ಸಿಗೆ ಕೇಳುವಂತೆ ಘೋಷಿಸಿದರು. "ಯಾರೂ ತಪ್ಪು ತಿಳ್ಕೊಬ್ಯಾಡ್ರಿ. ನಾನು ಔಷಧಿ ತಗೊಂಡೀನಿ. ಮುಟ್ಟಿಂದು, ಬಾಣಂತನದ್ದು, ಎಲ್ಲಾ ತಗೊಂಡೀನಿ."

ಹಿಂದಿನ ಸೀಟಿನಿಂದ ಒಬ್ಬರು ಮುಂದಕ್ಕೆ ಬಾಗಿ ಬಲು ಮರ್ಯಾದೆಯಿಂದ "ಯಾವ ಅಂಗಡೀದು ರೀ?" ಅಂತ ಕೇಳಿದರು. ನಾನು ವಿಳಾಸ ಹೇಳಿದೆ. ಏನೇ ಆಗಲಿ, ವ್ಯಾಪಾರ ಬಿಡಬಾರದಲ್ಲ.

ದಾವಣಗೆರೆ ದಾಟಿದ ಮೇಲೆ ಗಾಳಿ ಬಡಿಯಿತು. ಸಾಹುಕಾರರು ಕಿಟಕಿಯ ಸರಳಿಗೆ ತಲೆ ಆನಿಸಿ ಕೂತರು. ನಿದ್ದೆ ಹೋದರೇನೋ ಅಂದುಕೊಂಡೆ. ಹೋಗಿರಲಿಲ್ಲ.

"ತಮ್ಮಾ" ಅಂದರು, ದನಿ ತಗ್ಗಿಸಿ. "ನಮ್ಮಾಕೆ ಕೆಮ್ಮಿ ಕೆಮ್ಮಿ ಹೋದ್ಲು. ಕೊನೆಗೆ ವೈದ್ಯರು ಹೇಳಿದ್ರು, ಇನ್ನೇನೂ ಇಲ್ಲ, ಒಂದಿಷ್ಟು ದ್ರಾಕ್ಷಾಸವ ಕೊಡ್ರಿ, ಬಾಯಿಗೆ ರುಚಿ ಆಗ್ತದೆ, ಒಂಚೂರು ನಿದ್ದೆ ಬರ್ತದೆ ಅಂತ. ಬಾಟ್ಲಿ ಬಿಚ್ಚಿ ನಾನೇ ಮೂಸಿ ನೋಡಿದೆ. ವಾಸನೆ ಐತೆ ಅಂತ ಬಚ್ಚಲಿಗೆ ಸುರುವಿಬಿಟ್ಟೆ. ಅಕಿ ಮಲಗಿದಲ್ಲಿಂದಾನೇ ಕೇಳಿದ್ಲು, ಸಿಹಿ ಇರ್ತದಂತಲ್ರೀ, ಒಂದು ಚಮಚ ರುಚಿನಾದ್ರೂ ನೋಡ್ತಿದ್ದೆ ಅಂತ. ನಮ್ಮನ್ಯಾಗೆ ಹೆಂಡ ಬರಾಂಗಿಲ್ಲ ಅಂದೆ. ಮಗಳು ಅಲ್ಲೇ ನಿಂತಿತ್ತು."

ಬೆಳಗಿನಿಂದ ತಡೆದುಕೊಂಡಿದ್ದ ನಗುವೆಲ್ಲ ಎಲ್ಲಿ ಹೋಯಿತೋ. ಹುಡುಗಿ ನನ್ನನ್ನು ಕೇಳಿದ ಆ ಮಾತು ನನಗಾಗಿ ಕೇಳಿದ್ದಲ್ಲ ಅಂತ ಆಗ ತಿಳಿಯಿತು. ಹರಿಹರ ಬರುವವರೆಗೂ ಅವರ ಕೈಯನ್ನು ನಾನು ಹಿಡಿದುಕೊಂಡೇ ಇದ್ದೆ.

ಬಾಗಿಲು ತೆಗೆದವಳು ಅವಳೇ. ತಂದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮೂಗಿಗೆ ಸೆರಗು ಹಿಡಿದಳು.

"ಅಪ್ಪಾಜಿ, ಕುಡ್ದೀರೇನು?"

ವಯಸ್ಸಿಂದು ಅನ್ನುತ್ತಾರೆ, ಔಷಧಿ ಅನ್ನುತ್ತಾರೆ ಅಂತ ಕಾದೆ. ಸಾಹುಕಾರರು ಹೊಸ್ತಿಲ ಮೇಲೆ ಕುಸಿದು ಕೂತು, "ಹೂಂನವ್ವಾ. ಕುಡ್ದೀನಿ. ನಶೆ ಏರೈತೆ" ಅಂದರು.

ಅಲ್ಲಿಗೆ ನನ್ನ ಮದುವೆ ಮುಗಿಯಿತು ಅಂದುಕೊಂಡೆ. ಅವರೇ ಹಾಕಿದ ಷರತ್ತು ಅಲ್ಲವೇ! ನಶೆ ಏರಿದರೆ ಹೆಂಡ, ಹೆಂಡವಾದರೆ ಹೆಣ್ಣಿಲ್ಲ. ಚೀಲವನ್ನು ಕೆಳಗಿಟ್ಟು ಹೊರಡುವುದೋ ಎತ್ತಿಕೊಂಡು ಹೊರಡುವುದೋ ತಿಳಿಯದೆ ನಿಂತೆ.

"ಸಿಹಿ ಐತವ್ವಾ" ಅಂದರು ಸಾಹುಕಾರರು. "ನಿಮ್ಮವ್ವ ಕೇಳಿದ್ಲಲ್ಲ, ಭಾಳ ಸಿಹಿ ಐತೆ. ಹೆಂಡಾನೋ ಔಷಧಿನೋ ಶಿವನಿಗೇ ಗೊತ್ತು. ಒಂದು ಚಮಚ ಕೊಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು?"

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅವರು ನನ್ನ ಕಡೆ ತಿರುಗಿ, "ನಾಳೆ ನಶೆ ಇಳಿದ ಮ್ಯಾಲೂ ಇದೇ ಮಾತು ಹೇಳ್ತೀನಿ, ನಿಮ್ಮ ಹಿರೇರ್ನ ಕರ್ಕೊಂಡು ಬಾರಪ್ಪಾ" ಅಂದು, ಮಗಳಿಗೆ "ಒಂದು ಚಮಚ ತಗೊಂಬಾ ತಾಯಿ" ಅಂದರು.

ಅವಳು ಚಮಚ ತಂದಳು. ನಾನು ಬಾಟಲಿಯ ಬಿರಡೆ ತೆಗೆದುಕೊಟ್ಟೆ. ನಡುಮನೆಯ ಗೋಡೆಯಲ್ಲಿ ಅವಳ ತಾಯಿಯ ಫೋಟೋ ಇತ್ತು. ಸಾಹುಕಾರರು ಗೋಡೆ ಹಿಡಿದು ಅಲ್ಲಿಗೆ ಹೋಗಿ ಚಮಚಕ್ಕೆ ಆಸವ ಬಗ್ಗಿಸಿದರು. ಕೈ ನಡುಗಿ ಅರ್ಧ ನೆಲಕ್ಕೆ ಚೆಲ್ಲಿತು. ಉಳಿದರ್ಧವನ್ನು ಫೋಟೋದ ತುಟಿಯ ಹತ್ತಿರ ಹಿಡಿದರು. ಆಮೇಲೆ ಆ ಚಮಚವನ್ನು ಆಸವದ ಸಮೇತ ಹಾಗೆಯೇ ಫೋಟೋದ ಕೆಳಗಿನ ಮಾಡದಲ್ಲಿ ಇಟ್ಟರು. ಬೆಳಗಿನಿಂದ ಪ್ರತಿ ಲೋಟವನ್ನೂ ತೊಳೆದು ಕುಡಿದ ಮನುಷ್ಯ, ಆ ಚಮಚವನ್ನು ಮಾತ್ರ ಮುಟ್ಟಲಿಲ್ಲ.